ಎಂಟು ಕಾಲಿನ ಪಾಠ

ಹಳ್ಳಿಯ ಪ್ರಾಥಮಿಕ ಶಾಲೆಯ ಹಾಜರಿ ಪುಸ್ತಕದಲ್ಲಿ ಎಷ್ಟು ಮಕ್ಕಳ ಹೆಸರಿದ್ದರೂ ಆ ಶಾಲೆಯ ನಿವಾಸಿಗಳ ಎಣಿಕೆ ಅಷ್ಟಕ್ಕೇ ಮುಗಿಯುವುದಿಲ್ಲ. ಮಾಡಿನ ಹೆಂಚಿನ ಸಂದಿನಲ್ಲಿ ಬಲೆ ನೆಯ್ದ ಜೇಡ, ಕಿಟಕಿಯ ಮೂಲೆಯಲ್ಲಿ ಮಣ್ಣಿನ ಗೂಡು ಕಟ್ಟಿದ ಕಣಜ, ಗೋಡೆಯ ಬಿರುಕಿನಿಂದ ಬಿರುಕಿಗೆ ಸಾಲಾಗಿ ನಡೆಯುವ ಇರುವೆ, ಅಂಗಳದ ಹೂಗಿಡದ ಮೇಲೆ ಸುಳಿಯುವ ಚಿಟ್ಟೆ, ಇವೆಲ್ಲವೂ ಅಲ್ಲಿ ಶುಲ್ಕವಿಲ್ಲದೆ, ರಜೆಯಿಲ್ಲದೆ ವಾಸಿಸುತ್ತವೆ. ಉಪಾಧ್ಯಾಯರ ದೃಷ್ಟಿ ಕರಿಹಲಗೆಯ ಮೇಲಿರುವಾಗ ಹಿಂದಿನ ಸಾಲಿನ ಹುಡುಗನ ದೃಷ್ಟಿ ಇವುಗಳ ಮೇಲಿರುತ್ತದೆ. ‘ಪಾಠ ಕೇಳದೆ ಎಲ್ಲಿ ನೋಡುತ್ತಿದ್ದೀಯೆ?’ ಎಂಬ ಗದರಿಕೆಗೆ ಅವನು ಗುರಿಯಾಗುವುದೂ ಉಂಟು. ಆದರೆ ಅವನು ನೋಡುತ್ತಿದ್ದುದೂ ಒಂದು ಪಾಠವೇ ಅಲ್ಲವೆ?

ಕೀಟಗಳ ಪಾಠ ಸಾಮಾನ್ಯವಾಗಿ ಒಂದು ಎಣಿಕೆಯಿಂದ ಆರಂಭವಾಗುತ್ತದೆ. ಕೀಟಕ್ಕೆ ಆರು ಕಾಲು, ಜೇಡಕ್ಕೆ ಎಂಟು. ಕೀಟದ ದೇಹದಲ್ಲಿ ತಲೆ, ಎದೆ, ಹೊಟ್ಟೆ ಎಂಬ ಮೂರು ಭಾಗಗಳು. ಜೇಡದಲ್ಲಿ ತಲೆಯೂ ಎದೆಯೂ ಒಂದಾಗಿ ಕೂಡಿ ಎರಡೇ ಭಾಗಗಳು. ಕೀಟಕ್ಕೆ ಕುಡಿಮೀಸೆಯುಂಟು, ಬಹುಪಾಲು ಕೀಟಗಳಿಗೆ ರೆಕ್ಕೆಯೂ ಉಂಟು. ಜೇಡಕ್ಕೆ ಇವೆರಡೂ ಇಲ್ಲ. ಆದುದರಿಂದ ಜೇಡವು ಕೀಟವಲ್ಲ. ಅದು ಚೇಳು, ಉಣ್ಣಿಗಳ ಬಳಗಕ್ಕೆ ಸೇರಿದುದು. ಇಷ್ಟನ್ನು ಹುಡುಗನೊಬ್ಬನು ಕರಿಹಲಗೆಯಿಂದ ಬರೆದುಕೊಳ್ಳುತ್ತಾನೆ, ಬಾಯಿಪಾಠ ಮಾಡುತ್ತಾನೆ, ಪರೀಕ್ಷೆಯಲ್ಲಿ ಪೂರ್ಣ ಅಂಕಗಳನ್ನೂ ಪಡೆಯುತ್ತಾನೆ. ಅದೇ ಸಂಜೆ ಮನೆಯ ಗೋಡೆಯ ಮೇಲೆ ಜೇಡವೊಂದು ಕಾಣಿಸಿಕೊಂಡರೆ ಅವನು ಅದರ ಕಾಲುಗಳನ್ನು ಎಣಿಸುವುದಿಲ್ಲ, ಚಪ್ಪಲಿಯನ್ನು ಹುಡುಕುತ್ತಾನೆ. ಪಾಠವು ಬಾಯಿಗೆ ಬಂದಿದೆ, ಕಣ್ಣಿಗೆ ಬಂದಿಲ್ಲ.

ಕಣ್ಣಿನಿಂದ ಕಲಿಯುವ ವಿದ್ಯೆ ಈ ನಾಡಿಗೆ ಹೊಸದೇನೂ ಅಲ್ಲ. ಭಾಷೆಯೇ ಅದಕ್ಕೆ ಸಾಕ್ಷಿ. ದುಂಬಿಗೆ ಸಂಸ್ಕೃತದಲ್ಲಿ ‘ಷಟ್ಪದ’ ಎಂಬ ಹೆಸರುಂಟು. ಆರು ಕಾಲುಳ್ಳದ್ದು ಎಂದು ಅದರ ಅರ್ಥ. ಆರು ಪಾದಗಳ ಷಟ್ಪದಿಯಲ್ಲಿ ಕುಮಾರವ್ಯಾಸನನ್ನು ಓದುವ ವಿದ್ಯಾರ್ಥಿಗೆ ಈ ಪದ ಅಪರಿಚಿತವಲ್ಲ. ಹೂವಿನ ಮೇಲೆ ಕ್ಷಣಕಾಲ ಕುಳಿತು ಹಾರಿಹೋಗುವ ಜೀವಿಯ ಕಾಲನ್ನು ಯಾರೋ ಒಬ್ಬರು ಸಾವಿರಾರು ವರ್ಷಗಳ ಹಿಂದೆ ತಾಳ್ಮೆಯಿಂದ ಎಣಿಸಿರಬೇಕು; ಇಲ್ಲವಾದರೆ ಈ ಹೆಸರು ಹುಟ್ಟುತ್ತಿರಲಿಲ್ಲ. ಹಾಗೆಯೇ ಜೇಡಕ್ಕೆ ‘ಊರ್ಣನಾಭ’ ಎಂಬ ಹೆಸರಿದೆ. ಹೊಕ್ಕುಳಲ್ಲಿ ನೂಲುಳ್ಳದ್ದು ಎಂದು ಅದರ ಭಾವ. ಜೇಡವು ನೂಲನ್ನು ಹೊರಗಿನಿಂದ ತರುವುದಿಲ್ಲ, ತನ್ನ ಒಡಲಿನಿಂದಲೇ ತೆಗೆಯುತ್ತದೆ ಎಂಬುದನ್ನು ಆ ಹೆಸರಿಟ್ಟವರು ಸರಿಯಾಗಿಯೇ ಕಂಡಿದ್ದರು. ಆದರೆ ಇಂದು ಭೂತಗನ್ನಡಿ ಹಿಡಿದ ಮಗುವಿಗೆ ಇನ್ನೂ ಒಂದು ಸಂಗತಿ ಕಾಣುತ್ತದೆ. ನೂಲು ಹೊರಡುವುದು ಹೊಕ್ಕುಳಿನಿಂದಲ್ಲ. ಹೊಟ್ಟೆಯ ಹಿಂತುದಿಯಲ್ಲಿ ಮೊನೆಯಂತಿರುವ ಪುಟ್ಟ ಅಂಗಗಳಿಂದ. ಒಳಗೆ ದ್ರವವಾಗಿದ್ದುದು ಎಳೆದಂತೆ ಗಟ್ಟಿಯಾಗಿ ಎಳೆಯಾಗುತ್ತದೆ. ಹಿರಿಯರು ಕಂಡುದಕ್ಕೆ ಕಿರಿಯರು ಒಂದಿಷ್ಟು ಸೇರಿಸಿದರೆ ಹಿರಿಯರಿಗೆ ಅವಮಾನವಾಗುವುದಿಲ್ಲ. ಜ್ಞಾನವು ಬೆಳೆಯುವ ಬಗೆಯೇ ಅದು.

ಆದರೆ ನಿಜವಾಗಿ ನೋಡಲು ತೊಡಗಿದ ಮಕ್ಕಳಿಂದ ಉಪಾಧ್ಯಾಯರಿಗೆ ಒಂದು ತೊಂದರೆಯುಂಟು. ಅವರು ಪುಸ್ತಕದ ಉತ್ತರವನ್ನು ಹೇಳುವುದಿಲ್ಲ. ಗಾಜಿನ ಸೀಸೆಯೊಂದರಲ್ಲಿ ಜೇಡವನ್ನಿಟ್ಟು, ಕಾಲೆಷ್ಟೆಂದು ಎಣಿಸಿ ಹೇಳಿರೆಂದರೆ, ‘ಎಂಟು’ ಎಂದು ಹಲವರು ಕೂಗುತ್ತಾರೆ. ಅವರಲ್ಲಿ ಹೆಚ್ಚಿನವರು ಎಣಿಸಿರುವುದಿಲ್ಲ. ಸೀಸೆಯ ಬಳಿಯೇ ಕುಳಿತು ಎಣಿಸಿದ ಬಾಲಕಿಯೊಬ್ಬಳು ಮಾತ್ರ ‘ಹತ್ತು’ ಎನ್ನುತ್ತಾಳೆ. ಈ ಉತ್ತರ ತಪ್ಪೆಂದು ಅವಳನ್ನು ಕುಳ್ಳಿರಿಸಿಬಿಡುವುದು ಸುಲಭ. ಆದರೆ ಆ ತರಗತಿಯಲ್ಲಿ ಜೇಡವನ್ನು ನೋಡಿದವಳು ಅವಳೊಬ್ಬಳೇ! ಜೇಡದ ಬಾಯಿಯ ಎರಡು ಪಕ್ಕಗಳಲ್ಲಿ ಕಾಲಿನಂತೆಯೇ ತೋರುವ ಎರಡು ಕಿರುಗೈಗಳಿವೆ. ಅವುಗಳಿಂದ ಅದು ಮುಟ್ಟಿ ತಿಳಿಯುತ್ತದೆ, ಆಹಾರವನ್ನು ಹಿಡಿದುಕೊಳ್ಳುತ್ತದೆ. ಕಾಲಿಗೆ ಏಳು ಗೆಣ್ಣುಗಳಿದ್ದರೆ ಇವಕ್ಕೆ ಆರು. ಬೆಳೆದ ಗಂಡುಜೇಡದಲ್ಲಿ ಇವುಗಳ ತುದಿ ಗುಂಡಗೆ ಉಬ್ಬಿರುತ್ತದೆ. ಅದರಿಂದಲೇ ಗಂಡು ಯಾವುದು, ಹೆಣ್ಣು ಯಾವುದು ಎಂದು ಹೇಳಬಹುದು. ‘ಹತ್ತು’ ಎಂದ ಬಾಲಕಿಗೆ ‘ಸರಿಯಾಗಿ ನೋಡಿದೆ, ಇನ್ನು ಅವು ಹೇಗೆ ನಡೆಯುತ್ತವೆ ನೋಡು’ ಎಂದು ಹೇಳುವ ಉಪಾಧ್ಯಾಯರು ದೊರೆತರೆ, ಅವಳೇ ಎರಡನ್ನು ಬಿಟ್ಟು ಎಂಟಕ್ಕೆ ಬಂದು ನಿಲ್ಲುತ್ತಾಳೆ. ಆಗ ಆ ಎಂಟು ಪುಸ್ತಕದ ಎಂಟಲ್ಲ. ಅವಳ ಸ್ವಂತದ ಎಂಟು.

ಇಂತಹ ಪ್ರಶ್ನೆ ರೇಷ್ಮೆ ಸಾಕುವ ಮನೆಗಳ ಮಕ್ಕಳಿಂದಲೂ ಬರುತ್ತದೆ. ಹಿಪ್ಪುನೇರಳೆ ರೇಷ್ಮೆಯ ಉತ್ಪಾದನೆಯಲ್ಲಿ ಕರ್ನಾಟಕವು ದೇಶದಲ್ಲಿಯೇ ಮುಂಚೂಣಿಯಲ್ಲಿದೆ. ರಾಮನಗರ, ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಎಷ್ಟೋ ಮಕ್ಕಳು ಹುಳುವಿಗೆ ಸೊಪ್ಪು ಹಾಕಿ ಶಾಲೆಗೆ ಬರುತ್ತಾರೆ. ಚಂದ್ರಿಕೆಯ ಮೇಲೆ ಹಣ್ಣಾದ ಹುಳು ಗೂಡು ಕಟ್ಟುವುದನ್ನು ಅವರು ದಿನವೂ ಕಂಡವರು. ಅಂತಹವನೊಬ್ಬನು ಎದ್ದುನಿಂತು, ‘ಕೀಟಕ್ಕೆ ಆರು ಕಾಲು ಎನ್ನುತ್ತೀರಿ, ಮನೆಯ ಹುಳುವಿಗೆ ಹದಿನಾರು ಇವೆಯಲ್ಲ?’ ಎಂದರೆ ಅದು ಉದ್ಧಟತನವಲ್ಲ, ಅನುಭವ. ತಲೆಯ ಬಳಿಯಿರುವ ಗೆಣ್ಣುಳ್ಳ ಆರು ಮಾತ್ರ ನಿಜವಾದ ಕಾಲುಗಳು. ಹಿಂದಿನ ಹತ್ತು, ಎಲೆಯನ್ನು ಕಚ್ಚಿಹಿಡಿಯುವುದಕ್ಕೆಂದು ಇರುವ ಮಾಂಸಲ ಊರೆಗಳು. ಗೂಡಿನಿಂದ ಪತಂಗವು ಹೊರಬಂದಾಗ ಆ ಹತ್ತೂ ಮಾಯವಾಗಿ ಆರೇ ಉಳಿದಿರುತ್ತವೆ. ಒಂದು ನಿಯಮವನ್ನು ಒಪ್ಪಿಕೊಳ್ಳುವುದಕ್ಕೆ ಮೊದಲು ಅದನ್ನು ಪ್ರಶ್ನಿಸಿದ ಹುಡುಗನು ಆ ನಿಯಮವನ್ನು ಎಂದಿಗೂ ಮರೆಯಲಾರನು.

ಕೆಲವೊಮ್ಮೆ ಮೋಸಮಾಡುವುದು ಪುಸ್ತಕವಲ್ಲ, ಜೀವಿಯೇ. ಮಲೆನಾಡಿನ ಮಾವು, ಹಲಸುಗಳ ಎಲೆಗಳನ್ನು ಹೊಲಿದು ಗೂಡುಮಾಡುವ ಕೆಂಪು ಚಿಗಳಿ ಇರುವೆಯನ್ನು ಅಲ್ಲಿನ ಮಕ್ಕಳೆಲ್ಲರೂ ಬಲ್ಲರು. ಅದರ ಕಡಿತದ ಉರಿಯನ್ನೂ ಬಲ್ಲರು. ಆ ಮರದ ಮೇಲೆಯೇ ಚಿಗಳಿಯಂತೆ ಕೆಂಪಾದ, ಚಿಗಳಿಯಂತೆ ಸಣ್ಣ ನಡುವುಳ್ಳ, ಚಿಗಳಿಯಂತೆ ಕುಡಿಮೀಸೆಯಾಡಿಸುತ್ತ ಆರು ಕಾಲುಗಳಲ್ಲಿ ಓಡುವ ಇನ್ನೊಂದು ಜೀವಿಯಿದೆ. ಅದರ ಕುಡಿಮೀಸೆ ಕುಡಿಮೀಸೆಯಲ್ಲ, ಮೇಲೆತ್ತಿದ ಮುಂಗಾಲುಗಳ ಜೋಡಿ! ಮುಖದ ಮುಂದೆ ಎರಡು ದೊಡ್ಡ ಕಣ್ಣುಗಳು ಹೊಳೆಯುತ್ತವೆ. ಬೆದರಿಸಿದರೆ ಅದು ಇರುವೆಯಂತೆ ಕಚ್ಚಲು ಬರುವುದಿಲ್ಲ. ಎಳೆಯೊಂದನ್ನು ಬಿಟ್ಟು ಗಾಳಿಯಲ್ಲಿ ಕೆಳಗಿಳಿಯುತ್ತದೆ. ಅದು ಜೇಡ. ಚಿಗಳಿಯ ತಂಟೆಗೆ ಹೋಗಲು ಹಕ್ಕಿ ಕಣಜಗಳೂ ಹಿಂಜರಿಯುವುದರಿಂದ, ಚಿಗಳಿಯ ವೇಷವೇ ಅದಕ್ಕೆ ರಕ್ಷೆ. ಯಕ್ಷಗಾನದ ವೇಷಧಾರಿಯನ್ನು ನಡಿಗೆಯಿಂದ ಗುರುತಿಸುವ ಮಕ್ಕಳಿಗೆ ಈ ವೇಷಧಾರಿಯನ್ನು ಗುರುತಿಸುವುದು ಅಸಾಧ್ಯವೇನಲ್ಲ. ಒಮ್ಮೆ ಗುರುತಿಸಿದವರು, ನೋಡಿದೊಡನೆ ತೀರ್ಮಾನಿಸಬಾರದೆಂಬ ವಿವೇಕವನ್ನೂ ಅದರೊಡನೆ ಕಲಿಯುತ್ತಾರೆ.

ಶಾಲೆಗೆ ಸುಣ್ಣ ಬಳಿಯುವ ದಿನ ಇನ್ನೊಂದು ಪಾಠ ಗೋಡೆಯಿಂದ ಕೆಳಗೆ ಬೀಳುತ್ತದೆ. ಅದು ಕಣಜದ ಮಣ್ಣಿನ ಗೂಡು. ಭ್ರಮರವು ಹುಳುವೊಂದನ್ನು ತಂದು ಗೂಡಿನಲ್ಲಿಡುವುದೆಂದೂ, ಅಲ್ಲಿ ಆ ಹುಳು ಭ್ರಮರವನ್ನೇ ಎಡೆಬಿಡದೆ ಧ್ಯಾನಿಸುತ್ತ ಕಡೆಗೆ ತಾನೂ ಭ್ರಮರವಾಗುವುದೆಂದೂ ಬಹುಕಾಲದ ನಂಬಿಕೆ. ‘ಭ್ರಮರಕೀಟ ನ್ಯಾಯ’ ಎಂದು ಅದು ಪ್ರಸಿದ್ಧವಾಗಿದೆ. ಹುಳುವನ್ನು ಒಳಗಿಟ್ಟು ಮುಚ್ಚಿದ್ದೂ ನಿಜ, ಕೆಲದಿನಗಳ ಮೇಲೆ ಕಣಜವು ಹೊರಗೆ ಬಂದದ್ದೂ ನಿಜ. ನಡುವೆ ಒಳಗೆ ನಡೆದುದನ್ನು ಮಾತ್ರ ಯಾರೂ ನೋಡಿರಲಿಲ್ಲ. ಬಿದ್ದ ಗೂಡನ್ನು ಮಕ್ಕಳು ಕಡ್ಡಿಯಿಂದ ಬಿಡಿಸಿದರೆ ಉದ್ದುದ್ದನೆಯ ಕೋಣೆಗಳು ಕಾಣುತ್ತವೆ. ಒಂದರಲ್ಲಿ ಪುಟ್ಟ ಜೇಡಗಳ ರಾಶಿ. ಮುಟ್ಟಿದರೆ ಮೆತ್ತಗಿವೆ, ಕೊಳೆತಿಲ್ಲ, ಓಡುವುದೂ ಇಲ್ಲ. ಕಾಲೊಂದು ಮೆಲ್ಲಗೆ ಅದುರಿದರೂ ಅದುರಬಹುದು. ಇನ್ನೊಂದರಲ್ಲಿ ಜೇಡಗಳ ಚೂರುಪಾರುಗಳ ನಡುವೆ ಕಾಲಿಲ್ಲದ ಬಿಳಿಯ ಮರಿಹುಳು. ಮತ್ತೊಂದು ಬರಿದು; ಅದರ ಬಾಗಿಲಲ್ಲಿ ದುಂಡನೆಯ ತೂತು. ತಾಯಿಕಣಜವು ಜೇಡಗಳನ್ನು ಕುಟುಕಿ, ಕೊಲ್ಲದೆ ಚಲನಶಕ್ತಿಯನ್ನಷ್ಟೇ ಕಳೆದು, ಒಳಗೆ ತುಂಬಿ, ಒಂದು ಮೊಟ್ಟೆಯಿಟ್ಟು ಬಾಗಿಲು ಮುಚ್ಚುತ್ತದೆ. ಮೊಟ್ಟೆಯೊಡೆದ ಮರಿಗೆ ಕೆಡದ ಊಟ ಸಿದ್ಧವಾಗಿರುತ್ತದೆ. ಹೂವಿನ ಮಕರಂದವನ್ನು ಹೀರಿ ಬದುಕುವ ತಾಯಿ, ಮಗುವಿಗಾಗಿ ಬೇಟೆಯಾಡುತ್ತದೆ! ಕೆಲವು ಜಾತಿಯ ಕಣಜಗಳು ಜೇಡದ ಬದಲು ಕಂಬಳಿಹುಳುಗಳನ್ನು ತುಂಬುತ್ತವೆ. ಹಳೆಯ ಉಪಮೆ ಹುಟ್ಟಿದುದು ಬಹುಶಃ ಅಂತಹ ಗೂಡಿನಿಂದ. ಉಪಮೆಯು ಬೋಧಿಸುವ ಏಕಾಗ್ರತೆಯ ತತ್ತ್ವಕ್ಕೆ ಇದರಿಂದ ಕುಂದಿಲ್ಲ. ಆದರೆ ಹುಳುವಿನ ವಿಷಯದಲ್ಲಿ ಹುಳುವನ್ನೇ ಕೇಳಬೇಕು.

ಹೀಗೆ ಹುಳುವನ್ನೇ ಕೇಳಿದವರಲ್ಲಿ ಅಗ್ರಗಣ್ಯನಾದವನು ಫ್ರಾನ್ಸ್ ದೇಶದ ಜಾನ್ ಆನ್ರಿ ಫಾಬ್ರ್. 1823ರಲ್ಲಿ ಬಡ ರೈತಕುಟುಂಬದಲ್ಲಿ ಜನಿಸಿದ ಅವನು 1842ರಲ್ಲಿ, ತನ್ನ ಹದಿನೆಂಟನೆಯ ವಯಸ್ಸಿನಲ್ಲಿ, ಕಾರ್ಪಾಂತ್ರಾ ಎಂಬ ಊರಿನಲ್ಲಿ ಶಾಲಾ ಉಪಾಧ್ಯಾಯನಾದನು. ವರ್ಷಕ್ಕೆ 700 ಫ್ರಾಂಕುಗಳ ಸಂಬಳ. ಭೂಮಿಯನ್ನು ಅಳೆಯುವ ವಿದ್ಯೆಯನ್ನು ಕಲಿಸಲು ಅವನು ವಿದ್ಯಾರ್ಥಿಗಳನ್ನು ಊರಾಚೆಯ ಕಲ್ಲುಬಯಲಿಗೆ ಕರೆದೊಯ್ಯುತ್ತಿದ್ದನು. ಗೂಟ ನೆಡಲು ಹೋದ ಹುಡುಗನು ದಾರಿಯಲ್ಲಿ ನಿಲ್ಲುವನು, ಬಗ್ಗುವನು, ಏನನ್ನೋ ಹುಡುಕುವನು; ಗೂಟವನ್ನು ಮರೆತೇಬಿಡುವನು. ವಿಚಾರಿಸಿದಾಗ ಗುಟ್ಟು ಬಯಲಾಯಿತು. ಕಲ್ಲುಗಳಿಗೆ ಮಣ್ಣನ್ನು ಮೆತ್ತಿ ಗೂಡುಕಟ್ಟುವ ಒಂದು ಬಗೆಯ ಕಪ್ಪು ಜೇನ್ನೊಣವಿತ್ತು. ಹುಡುಗರು ಆ ಗೂಡನ್ನು ತೆರೆದು ಹುಲ್ಲುಕಡ್ಡಿಯಿಂದ ಜೇನನ್ನು ಹೀರುತ್ತಿದ್ದರು. ಉಪಾಧ್ಯಾಯನು ಅವರನ್ನು ದಂಡಿಸಲಿಲ್ಲ. ತಾನೂ ಅವರೊಡನೆ ಬಗ್ಗಿ ನೋಡಿದನು. ಆ ನೊಣದ ಹೆಸರೇನು, ಬದುಕೇನು ಎಂದು ತಿಳಿಯುವ ಹಂಬಲದಿಂದ ಒಂದು ತಿಂಗಳ ಸಂಬಳವನ್ನೆಲ್ಲ ಕೊಟ್ಟು ಕೀಟಗಳ ಗ್ರಂಥವೊಂದನ್ನು ಕೊಂಡನು. 1855ರಲ್ಲಿ ಅವನು ಪ್ರಕಟಿಸಿದ ಲೇಖನವು ಕಣಜದ ಬೇಟೆಯ ಗುಟ್ಟನ್ನು ಬಿಚ್ಚಿಟ್ಟಿತು. ಗೂಡಿನೊಳಗಿನ ಕೀಟ ಕೆಡದಿರುವುದು ಯಾವುದೋ ರಸಾಯನದಿಂದಲ್ಲ. ಅದು ಸತ್ತೇ ಇಲ್ಲ, ನರಕೇಂದ್ರಕ್ಕೆ ಬಿದ್ದ ಕುಟುಕಿನಿಂದ ನಿಶ್ಚಲವಾಗಿದೆ ಎಂದು ಅವನು ತೋರಿಸಿದನು. 1879ರಿಂದ 1907ರವರೆಗೆ ಹೊರಬಂದ, ಕೀಟಗಳ ಬದುಕನ್ನು ಕುರಿತ ಅವನ ಹತ್ತು ಸಂಪುಟಗಳು ಲೋಕಪ್ರಸಿದ್ಧವಾದವು. ಆ ಹತ್ತು ಸಂಪುಟಗಳ ಮೊದಲ ಗುರುಗಳಾರೆಂದರೆ, ಗೂಟ ನೆಡುವುದನ್ನು ಮರೆತ ಆ ಹುಡುಗರೇ ಎನ್ನಬೇಕು.

ಮಕ್ಕಳು ಉಪಾಧ್ಯಾಯರಿಗೆ ದಾರಿ ತೋರಬಲ್ಲರು, ಸರಿ. ಲೋಕದ ಜ್ಞಾನಕ್ಕೆ ತಾವೇ ಏನನ್ನಾದರೂ ಸೇರಿಸಬಲ್ಲರೆ? ಇಂಗ್ಲೆಂಡಿನ ಡೆವನ್ ಪ್ರಾಂತದ ಬ್ಲಾಕಾಟನ್ ಎಂಬ ಹಳ್ಳಿಯ ಪ್ರಾಥಮಿಕ ಶಾಲೆ ಇದಕ್ಕೆ ಉತ್ತರವಿತ್ತಿದೆ. ಅಲ್ಲಿನ ಎಂಟರಿಂದ ಹತ್ತು ವರ್ಷದ 25 ಮಕ್ಕಳು, ದುಂಬಿಜೇನು ಹೂವನ್ನು ಹೇಗೆ ಆಯ್ದುಕೊಳ್ಳುತ್ತದೆ ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಬೊ ಲಾಟೊ ಎಂಬ ನರವಿಜ್ಞಾನಿಯೂ ಶಾಲೆಯ ಮುಖ್ಯೋಪಾಧ್ಯಾಯರೂ ಅವರಿಗೆ ನೆರವಾದರು. ಪ್ರಯೋಗ ನಡೆದುದು ಊರಿನ ಹಳೆಯ ಚರ್ಚಿನಲ್ಲಿ. ಒಂದೊಂದು ಫಲಕದಲ್ಲಿ 16 ವೃತ್ತಗಳು, ಅಂತಹ ನಾಲ್ಕು ಫಲಕಗಳು. ಹೊರಗಿನ 12 ವೃತ್ತಗಳು ಹಳದಿಯಾಗಿದ್ದರೆ ನಡುವಿನ ನಾಲ್ಕು ನೀಲಿ. ಹೊರಗಿನವು ನೀಲಿಯಾಗಿದ್ದರೆ ನಡುವಿನವು ಹಳದಿ. ನಡುವಿನವುಗಳಲ್ಲಿ ಸಕ್ಕರೆಯ ನೀರು, ಹೊರಗಿನವುಗಳಲ್ಲಿ ಉಪ್ಪಿನ ನೀರು. ಬರಿಯ ಬಣ್ಣವನ್ನು ನಂಬಿದ ದುಂಬಿಗೆ ಇಲ್ಲಿ ಉಪವಾಸವೇ ಗತಿ! ದುಂಬಿಗಳು ಬಣ್ಣವನ್ನೂ ಅದು ಇರುವ ಸ್ಥಾನವನ್ನೂ ಒಟ್ಟಿಗೆ ಗಮನಿಸಿ ಕಲಿಯಬಲ್ಲವೆಂದು ಮಕ್ಕಳು ಕಂಡುಕೊಂಡರು. ತಮ್ಮ ಮಾತುಗಳಲ್ಲಿಯೇ ಬರೆದು, ಬಣ್ಣದ ಪೆನ್ಸಿಲುಗಳಿಂದ ಚಿತ್ರಗಳನ್ನು ರಚಿಸಿದರು. ಆ ಪ್ರಬಂಧವು 2010ರ ಡಿಸೆಂಬರಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ‘ಬಯಾಲಜಿ ಲೆಟರ್ಸ್’ ಎಂಬ ವಿಜ್ಞಾನಪತ್ರಿಕೆಯಲ್ಲಿ ಪ್ರಕಟವಾಯಿತು. ಸಾಧನಗಳು ಅಗ್ಗದವಿರಲಿ, ಬೆಲೆಯುಳ್ಳವಿರಲಿ, ಆ ಮಕ್ಕಳನ್ನು ಸಂಶೋಧಕರನ್ನಾಗಿ ಮಾಡಿದುದು ಒಂದು ಸಂಗತಿ: ತಮ್ಮ ಪ್ರಶ್ನೆಗೆ ಉತ್ತರ ಯಾವ ಪುಸ್ತಕದಲ್ಲಿಯೂ ಸಿದ್ಧವಾಗಿಲ್ಲ ಎಂಬ ಅರಿವು.

ಇಂತಹ ಕಲಿಕೆಗೆ ಅಡ್ಡಿಯಾಗಿ ನಿಲ್ಲುವುದು ಬಡತನಕ್ಕಿಂತ ಹೆಚ್ಚಾಗಿ ಭಯ. ಮಗು ಹುಟ್ಟುವಾಗಲೇ ಜೇಡವನ್ನು ಕಂಡು ಕಿರುಚುವುದಿಲ್ಲ. ಕಿರುಚುವ ಹಿರಿಯರನ್ನು ನೋಡಿ ಬಹುಮಟ್ಟಿಗೆ ಅದನ್ನು ಕಲಿಯುತ್ತದೆ. ಜೇಡಗಳಲ್ಲಿ ಬಹುಪಾಲು ಮನುಷ್ಯನಿಗೆ ಅಪಾಯಕಾರಿಗಳಲ್ಲ. ಹಾಗೆಂದು ಅಜಾಗರೂಕತೆಯೂ ಸಲ್ಲದು. ಬಿಲದಲ್ಲಿ ಕೈಯಿಡಬಾರದು, ಕಲ್ಲನ್ನು ಎತ್ತುವಾಗ ಚೇಳು ಇರಬಹುದೆಂಬ ಎಚ್ಚರ ಬೇಕು, ಗುರುತಿಲ್ಲದ ಜೀವಿಯನ್ನು ಬರಿಗೈಯಲ್ಲಿ ಹಿಡಿಯಬಾರದು, ಜೇನುಗೂಡನ್ನು ಕೆಣಕಬಾರದು. ಸೀಸೆಯಲ್ಲಿಟ್ಟುದನ್ನು ನೋಡಿ ಮುಗಿಸಿದ ಮೇಲೆ ಹಿಡಿದ ಸ್ಥಳದಲ್ಲಿಯೇ ಬಿಡಬೇಕು. ಈ ಕಡೆಯ ನಿಯಮವು ಎಲ್ಲಕ್ಕಿಂತ ಮುಖ್ಯ. ಅದು ಮಗುವಿಗೆ ವಿಜ್ಞಾನದೊಡನೆ ಮರ್ಯಾದೆಯನ್ನೂ ಕಲಿಸುತ್ತದೆ.

ಈ ಪಾಠ ಶಾಲೆಯ ಬೇಲಿಯೊಳಗೇ ನಿಲ್ಲುವುದೂ ಇಲ್ಲ. ಭತ್ತದ ಗದ್ದೆಯಲ್ಲಿ ಬಲೆ ಕಟ್ಟದೆ ಓಡಾಡಿ ಬೇಟೆಯಾಡುವ ತೋಳಜೇಡಗಳಿವೆ. ಪೈರಿನ ಬುಡದಲ್ಲಿ ರಸ ಹೀರುವ ಕಂದು ಜಿಗಿಹುಳುವೇ ಅವುಗಳ ಆಹಾರ. ಲೆಕ್ಕವಿಲ್ಲದೆ ಕೀಟನಾಶಕವನ್ನು ಸಿಂಪಡಿಸಿದಾಗ ಜಿಗಿಹುಳುವಿನೊಡನೆ ಈ ಕಾವಲುಗಾರರೂ ಸಾಯುತ್ತವೆ. ಜಿಗಿಹುಳು ಬೇಗನೆ ಮತ್ತೆ ಹೆಚ್ಚುತ್ತದೆ, ಕಾವಲು ಅಷ್ಟು ಬೇಗ ಹಿಂದಿರುಗುವುದಿಲ್ಲ. 1970ರ ದಶಕದಿಂದೀಚೆಗೆ ಏಷ್ಯಾದ ಹಲವು ದೇಶಗಳ ರೈತರು ಈ ನಷ್ಟವನ್ನು ಅನುಭವಿಸಿದ್ದಾರೆ. ಗದ್ದೆಯ ಬದುವಿನ ಮೇಲೆ ಕುಳಿತು, ಇದು ಪೈರನ್ನು ತಿನ್ನುವುದು, ಇದು ತಿನ್ನುವುದನ್ನು ತಿನ್ನುವುದು ಎಂದು ಬೇರ್ಪಡಿಸಿ ಹೇಳಬಲ್ಲ ಹತ್ತು ವರ್ಷದ ಬಾಲಕನ ಮಾತಿಗೆ ಆ ಮನೆಯಲ್ಲಿ ಬೆಲೆಯಿದೆ. ಆರಕ್ಕೂ ಎಂಟಕ್ಕೂ ಇರುವ ವ್ಯತ್ಯಾಸವು ಅಲ್ಲಿ ಎರಡು ಅಂಕಗಳ ಪ್ರಶ್ನೆಯಲ್ಲ. ಒಂದು ವರ್ಷದ ಅನ್ನದ ಪ್ರಶ್ನೆ.

ಇದುವರೆಗೆ ವಿಜ್ಞಾನಿಗಳು ವಿವರಿಸಿ ಹೆಸರಿಟ್ಟಿರುವ ಕೀಟಗಳು ಸುಮಾರು ಹತ್ತು ಲಕ್ಷ ಜಾತಿಗಳು. ಜೇಡಗಳ ಎಣಿಕೆ 2022ರಲ್ಲಿ 50,000ವನ್ನು ಮುಟ್ಟಿತು. ಪ್ರತಿವರ್ಷವೂ ಹೊಸವು ಸೇರುತ್ತಲೇ ಇವೆ. ಹೆಸರಿಲ್ಲದವು ಇನ್ನೂ ಬಹಳ. ಅವು ದೂರದ ದ್ವೀಪಗಳಲ್ಲಿಯೇ ಇರಬೇಕೆಂಬ ನಿಯಮವೇನೂ ಇಲ್ಲ. ಪಶ್ಚಿಮಘಟ್ಟದ ಯಾವುದೋ ಶಾಲೆಯ ಹಿತ್ತಿಲ ಬೇಲಿಯಲ್ಲಿಯೂ ಇರಬಹುದು. ಅದನ್ನು ಕಾಣಲು ಹೆಚ್ಚಿನ ಸಲಕರಣೆ ಬೇಡ. ಒಂದು ಗಾಜಿನ ಸೀಸೆ, ಒಂದು ಭೂತಗನ್ನಡಿ, ಒಂದಿಷ್ಟು ತಾಳ್ಮೆ ಸಾಕು. ಇವುಗಳ ಜೊತೆಗೆ, ‘ಹತ್ತು’ ಎಂದು ಹೇಳಿದ ಮಗುವನ್ನು ಗದರಿಸದೆ, ಸೀಸೆಯ ಬಳಿಗೆ ತಾವೂ ಬಂದು ಕುಳಿತು ಎಣಿಸುವ ಒಬ್ಬ ಉಪಾಧ್ಯಾಯರು ಬೇಕು.